ಮರ್ಯಾದೆಯ ತಪ್ಪಿಗೆ ತಿಮಿಂಗಿಲದ ಹಲ್ಲು

ನಮ್ಮ ಅತ್ತಿಗೆ ಸಲಾನಿಯೆತಾ ಸೊಸೆಯಾಗಿ ಬಂದದ್ದು ನಮ್ಮ ಊರು ಇದೇ ವುನಿದಾವಾದ ಆಚೆ ತುದಿಯ ಮನೆಯಿಂದ. ಅವಳ ಧ್ವನಿ ಮಾತ್ರ ಅದಕ್ಕೂ ಎಷ್ಟೋ ವರ್ಷ ಮೊದಲೇ ನಮ್ಮ ಮನೆಗೆ ಬಂದು ಕೂತಿತ್ತು. ಆ ತುದಿಯಲ್ಲಿ ನಿಂತು ಅವಳು ಕೋಳಿ ಓಡಿಸಿದರೆ ಈ ತುದಿಯಲ್ಲಿ ನಮ್ಮ ಕೋಳಿಗಳು ಗೂಡು ಸೇರುತ್ತಿದ್ದವು. ನಾನೂ ಅವಳೂ ಶಾಲೆಯಲ್ಲಿ ಒಂದೇ ಬೆಂಚಿನವರು. ಅಣ್ಣನನ್ನು ಕಟ್ಟಿಕೊಂಡಳೆಂದು ಅತ್ತಿಗೆ ಎನ್ನುತ್ತೇನೆಯೇ ಹೊರತು ವಯಸ್ಸಿಗೆ ಹೆದರಿ ಅಲ್ಲ. ಬಾಯಿಗೆ ಹೆದರಿ ಇದ್ದೀತು.

ಅವಳಿಗೆ ಚಾಪೆ ಹೆಣೆಯಲು ಬರುತ್ತದೆ. ಮೈದಾ ಕಲಸಿ, ಹುದುಗಿಸಿ, ಎಣ್ಣೆಯಲ್ಲಿ ಕರಿದು ಬಾಬಾಕಾವು ಮಾಡಿ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಮಾರಲು ಬರುತ್ತದೆ. ಆ ಬಾಬಾಕಾವು ಸ್ವಲ್ಪ ಗಟ್ಟಿ. ಅದನ್ನು ಮೊದಲು ಹೇಳಿದವನು ನಾನಲ್ಲ. ಇಷ್ಟೆಲ್ಲ ಬಂದರೂ ದೇವರು ಅವಳಿಗೆ ಕೈಬಿಚ್ಚಿ ಕೊಟ್ಟ ವಿದ್ಯೆ ಒಂದೇ, ಬೈಗುಳ. ಅದೂ ಯಾರನ್ನೆಂದರೆ ಅವರನ್ನಲ್ಲ, ಮಾತನಿವಾಯ್‌ನವರನ್ನು.

ನಮ್ಮ ಊರ ಮುಂದಿನ ಸಮುದ್ರ ದಾಟಿದರೆ ಸಿಗುವ ದ್ವೀಪ ಮಾತನಿವಾಯ್. ಅವರೂ ನಾವೂ ತೌವು, ಅಂದರೆ ಒಂದೇ ಬೇರಿನವರು. ಎರಡೂ ಊರಿನ ಮೂಲಪುರುಷರು ಅಣ್ಣತಮ್ಮಂದಿರು, ಒಂದೇ ದೋಣಿಯಲ್ಲಿ ಬಂದವರು. ಅರ್ಧ ದಾರಿಯಲ್ಲಿ ತಮ್ಮನಿಗೆ ವಾಂತಿ ಹತ್ತಿ, ಕಂಡ ಮೊದಲ ದಡಕ್ಕೇ ಇಳಿದುಬಿಟ್ಟ, ಅದೇ ಮಾತನಿವಾಯ್ ಆಯಿತು ಎಂದು ನಾವು ಹೇಳುತ್ತೇವೆ. ಅಣ್ಣನ ಮೈನಾತ ತಾಳಲಾರದೆ ತಮ್ಮ ಇಳಿದ ಎಂದು ಅವರು ಹೇಳುತ್ತಾರೆ. ಅವರು ಸುಳ್ಳುಗಾರರು. ಈ ಸಂಬಂಧ ಇರುವುದರಿಂದ ಅವರು ನಮ್ಮನ್ನು, ನಾವು ಅವರನ್ನು ಏನು ಬೇಕಾದರೂ ಅನ್ನಬಹುದು. ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ, ಯಾರೂ ಸಿಟ್ಟಾಗುವಂತಿಲ್ಲ. ಮನೆಯೊಳಗೆ ನುಗ್ಗಿ ಬೇಕಾದ್ದು ಎತ್ತಿಕೊಂಡು ಹೋದರೂ ಕೇಳುವಂತಿಲ್ಲ. ನನ್ನ ದೋಣಿಯ ಹೊಸ ಹಗ್ಗ ಹೋದದ್ದು ಹಾಗೆ. ಅವರ ಊರಿನ ದೊಡ್ಡ ಕಬ್ಬಿಣದ ಬಾಣಲೆ ನಮ್ಮ ಅಡುಗೆಮನೆಗೆ ಬಂದದ್ದೂ ಹಾಗೆಯೇ, ಆದರೆ ಅದು ಬೇರೆ ವಿಷಯ.

ಅತ್ತಿಗೆಗೆ ಒಬ್ಬಳೇ ಮಗಳು, ಅಕೋಸಿತಾ. ಇಷ್ಟು ದೊಡ್ಡ ಬಾಯಿಯ ಹೊಟ್ಟೆಯಲ್ಲಿ ಇಷ್ಟು ಸಣ್ಣ ಬಾಯಿ ಹುಟ್ಟಿದ್ದು ಊರಿಗೇ ಸೋಜಿಗ. ಆ ಹುಡುಗಿ ಹಂದಿಗೆ ಮೇವು ಹಾಕುವಾಗಲೂ "ತಗೊಳ್ಳಿ" ಎನ್ನುವಂಥವಳು. ಮಾತನಿವಾಯ್‌ನವರು ಎದುರಾದರೆ ತಲೆ ತಗ್ಗಿಸಿ ನಮಸ್ಕಾರ ಹೇಳಿ ಹೋಗುತ್ತಿದ್ದಳು. ಅವರು ಪಾಪ, ಏನು ಮಾಡಬೇಕೆಂದು ತೋಚದೆ ನನ್ನನ್ನು ಬೈದು ಹೋಗುತ್ತಿದ್ದರು. ಮಗಳು ಮೂಗಿಯಾಗಿದ್ದರೂ ಸಹಿಸುತ್ತಿದ್ದೆ, ಮರ್ಯಾದಸ್ಥೆಯಾಗಿಬಿಟ್ಟಳಲ್ಲ ಎಂದು ಅತ್ತಿಗೆ ಹಲುಬುತ್ತಿದ್ದಳು.

ಆದರೆ ಅಕೋಸಿತಾಳ ಕೈ ಬಾಯಿಯಂತಲ್ಲ. ನನ್ನ ದೋಣಿಯ ಎಂಜಿನ್ ಕೆಮ್ಮಲು ಶುರುಮಾಡಿದರೆ ಅದರ ಹೊಟ್ಟೆ ಬಿಚ್ಚಿ ಸರಿಮಾಡುವವಳು ಅವಳೇ. ರಾಜಧಾನಿ ಸುವಾದಲ್ಲಿ ಹಡಗಿನ ಎಂಜಿನ್ ಓದು ಇದೆ, ಅದಕ್ಕೆ ಸೇರಬೇಕೆಂಬುದು ಅವಳ ಆಸೆ. ಅದಕ್ಕೆ ಹನ್ನೆರಡನೇ ತರಗತಿಯ ಪರೀಕ್ಷೆಯಲ್ಲಿ ಭೌತಶಾಸ್ತ್ರ ಪಾಸಾಗಲೇಬೇಕು. ಆಗದಿದ್ದರೆ ಸೀಟಿಲ್ಲ, ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಅವಳ ಚಿಕ್ಕಮ್ಮನ ಪಕ್ಕ ಜಾಗ ಕಾದಿದೆ. ಹೀಗಿರುವಾಗ ಆ ವರ್ಷದ ನಡುವೆ ನಮ್ಮ ದ್ವೀಪದ ಶಾಲೆಯ ಭೌತಶಾಸ್ತ್ರದ ಮೇಷ್ಟ್ರು ಕಾಯಿಲೆ ಬಿದ್ದು ಊರಿಗೆ ಹೋದರು. ಬದಲಿ ಬರುವವರು ಮುಂದಿನ ಹಡಗಿಗೆ ಬರುತ್ತಾರೆ ಎಂದರು. ಹಡಗು ಬಂತು, ಅದರಲ್ಲಿ ಸಿಮೆಂಟು ಬಂತು. ಕೃಷಿ ಪಾಠದ ಮೇಷ್ಟ್ರು ಪುಸ್ತಕ ಕೈಗೆ ಕೊಟ್ಟು, ಓದಿಕೊಳ್ಳಿ, ನನಗೂ ಗೊತ್ತಾದರೆ ಹೇಳಿ ಎಂದರು.

ಒಂದು ಸಂಜೆ ಅಕೋಸಿತಾ ಪುಸ್ತಕದ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಮರದ ದಿಮ್ಮಿಯೊಂದು ನೀರಿನಲ್ಲಿ ಎಷ್ಟು ಮುಳುಗಿ ಎಷ್ಟು ತೇಲುತ್ತದೆ ಎಂಬುದು ಲೆಕ್ಕ. ಹುಟ್ಟಿದಂದಿನಿಂದ ನೀರಿನ ಮೇಲೆ ಇರುವವನು ನಾನು. ಸಮುದ್ರಕ್ಕೆ ಹಾಕಿ ನೋಡಿದರಾಯಿತು ಎಂದೆ. ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅತ್ತಿಗೆ ಫೋನು ಹಿಡಿದು ಗುಡ್ಡ ಹತ್ತಿದಳು. ನಮ್ಮಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಪರದೇಶದಲ್ಲಿರುವ ನಮ್ಮೂರಿನವರೆಲ್ಲ ಸೇರಿರುವ ಒಂದು ಗುಂಪು ಫೋನಿನಲ್ಲಿ ಇತ್ತು. ಅದಕ್ಕೆ ಲೆಕ್ಕದ ಫೋಟೋ ಹಾಕಿ, ಮಕ್ಕಳಿಗೆ ಯಾರಾದರೂ ದಯವಿಟ್ಟು ಹೇಳಿಕೊಡಿ ಎಂದು ಬೇಡಿಕೊಂಡಳು. ಸಿಡ್ನಿಯಿಂದ ಮುಗಿದ ಕೈಗಳು ಬಂದವು. ಆಕ್ಲೆಂಡಿನಿಂದ ಹೂವು ಬಂತು. ದೇವರು ಈ ಮಕ್ಕಳಿಗೆ ದಾರಿ ತೋರಿಸಲಿ ಎಂದು ಒಬ್ಬರು, ಆಮೆನ್ ಎಂದು ಮಿಕ್ಕವರು. ದಿಮ್ಮಿ ಇದ್ದಲ್ಲೇ ಇತ್ತು.

ಅತ್ತಿಗೆಗೆ ಸಿಟ್ಟು ಬಂದರೆ ಬುದ್ಧಿ ಓಡುತ್ತದೆ. ಅವಳು ಹೊಸದೊಂದು ಗುಂಪು ಮಾಡಿ ಅದಕ್ಕೆ ಎರಡೂ ಊರಿನವರನ್ನು ಎಳೆದು ಸೇರಿಸಿದಳು. ಅದೇ ಫೋಟೋ ಹಾಕಿ, ಕೆಳಗೆ ಹೀಗೆ ಬರೆದಳು: "ಮಾತನಿವಾಯ್ ಏಡಿಗಳಾ, ಇದು ನಿಮಗಲ್ಲ, ಸುಮ್ನೆ ನೋಡಿ ಅಂತ ಹಾಕಿದೀನಿ. ದೋಣಿಲಿ ಕೂತ್ರೆ ವಾಂತಿ ಮಾಡೋ ವಂಶಕ್ಕೆ ತೇಲೋ ಲೆಕ್ಕ ಎಲ್ಲಿಂದ ಬರ್ಬೇಕು."

ಅವಳು ಗುಡ್ಡ ಇಳಿಯುವ ಮೊದಲೇ ಫೋನು ಜೇನುಗೂಡಿನಂತೆ ಗುಂಯ್‌ಗುಡಲು ಶುರುವಾಯಿತು. ಮಾತನಿವಾಯ್‌ನ ನರ್ಸು, ಮಾತನಿವಾಯ್‌ನ ಸಿಪಾಯಿ, ಮಾತನಿವಾಯ್‌ನ ಹಡಗಿನ ಅಡುಗೆಯವನು, ಎಲ್ಲರೂ ದಿಮ್ಮಿ ತೇಲಿಸಿದರು. ಅಡುಗೆಯವನ ದಿಮ್ಮಿ ಹಾರಿಯೇ ಹೋಯಿತು. ಕೊನೆಗೆ ಬ್ರಿಸ್ಬೇನಿನಲ್ಲಿ ಸೇತುವೆ ಕಟ್ಟುವ ಇಂಜಿನಿಯರು ಉಲಾಯಾಸಿ ಎಂಬ ಮಾತನಿವಾಯ್‌ನವನು ಚಿತ್ರ ಬರೆದು, ಬಾಣದ ಗುರುತು ಹಾಕಿ, ಹಂತಹಂತವಾಗಿ ಬಿಡಿಸಿ ಹಾಕಿದ. ಕೆಳಗೆ ಬರೆದಿದ್ದ: "ವುನಿದಾವಾದ ನಾತದ ಮೂಟೆಗಳೇ, ಅರ್ಥ ಆಗ್ಲಿಲ್ಲ ಅಂದ್ರೆ ನಿಮ್ಮ ಹಂದಿಗಳನ್ನ ಕೇಳಿ, ಅವು ವಿವರಿಸ್ತಾವೆ."

ಅಕೋಸಿತಾಗೆ ಅರ್ಥವಾಯಿತು. ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಅವಳು ಎಷ್ಟೋ ದಿನದ ಮೇಲೆ ನಕ್ಕಳು. "ಥ್ಯಾಂಕ್ಯೂ ಸರ್" ಎಂದು ಉತ್ತರ ಬರೆದಳು. ಅತ್ತಿಗೆ ಹಣೆ ಚಚ್ಚಿಕೊಂಡಳು.

ಅಲ್ಲಿಂದ ಗುಂಪು ಬೆಳೆದ ಪರಿ ಏನು ಹೇಳಲಿ! ದಿನಾ ಸಂಜೆ ಹನ್ನೆರಡನೇ ತರಗತಿಯ ಮಕ್ಕಳೆಲ್ಲ ಪುಸ್ತಕ ಹಿಡಿದು ಗುಡ್ಡ ಹತ್ತುವರು. ಅತ್ತಿಗೆ ಅವರ ಪ್ರಶ್ನೆಯ ಜೊತೆ ತನ್ನದೊಂದು ಬೈಗುಳ ಕಟ್ಟಿ ಕಳಿಸುವಳು. ಆ ಕಡೆಯಿಂದ ಉತ್ತರದ ಜೊತೆ ಎರಡು ಬೈಗುಳ ಬರುವವು. ಮಾತನಿವಾಯ್ ಬೆಳಕಿನ ಪಾಠ ಹೇಳಿತು ಎಂದು ನಮ್ಮವರಿಗೆ ಉರಿದು, ಸುವಾದಲ್ಲಿದ್ದ ನಮ್ಮೂರಿನ ಕರೆಂಟು ಕೆಲಸದವನೊಬ್ಬ ವಿದ್ಯುತ್ತಿನ ಪಾಠ ಶುರುಮಾಡಿದ. ಯಾರಿಗೂ ಯಾರೂ ದಯವಿಟ್ಟು ಎನ್ನಲಿಲ್ಲ. ಅತ್ತಿಗೆಯ ಪಕ್ಕಾ ಎದುರಾಳಿ ಉಲಾಯಾಸಿ. ಅವನು ಎಂಥ ಬೈಗುಳ ಹಾಕಿದರೂ ಅವಳು ಟ್ಯಾಂಕಿಗೆ ಒರಗಿ ಎರಡು ಕ್ಷಣ ಕಣ್ಣು ಮುಚ್ಚಿ ಮರು ಬೈಗುಳ ಹುಟ್ಟಿಸುತ್ತಿದ್ದಳು. ಅವನ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಆದರೂ ಊಟದ ಹೊತ್ತಿಗೆ, ಆ ಏಡಿ ಉಂಡನೋ ಇಲ್ಲವೋ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವಳು.

ಒಂದು ದಿನ ಉಲಾಯಾಸಿ ಬರೆದ: ನಿನ್ನ ಬಾಬಾಕಾವನ್ನು ಮಾತನಿವಾಯ್‌ನಲ್ಲಿ ದೋಣಿಗೆ ಲಂಗರು ಹಾಕಲು ಬಳಸುತ್ತೇವೆ. ಅತ್ತಿಗೆ ಬರೆದಳು: ಈ ಸಲ ಊರಿಗೆ ಬಾ, ನಿನ್ನನ್ನು ಗೆಣಸಿನ ಪಕ್ಕ ಮಣ್ಣಿನ ಒಲೆಯಲ್ಲಿ ಹೂತು ಬೇಯಿಸುತ್ತೇನೆ, ಬಾಯಲ್ಲಿ ಬಾಬಾಕಾವು ಇಟ್ಟು.

ಮರುದಿನ ಗುಡ್ಡ ಹತ್ತಿದರೆ ಗುಂಪೇ ಇಲ್ಲ! ಅದರ ಜಾಗದಲ್ಲಿ ಫೋನಿನ ಗುಂಪುಗಳನ್ನು ನಡೆಸುವ ಕಂಪನಿಯ ಒಂದು ಒಕ್ಕಣೆ ಇತ್ತು. ಈ ಗುಂಪಿನಲ್ಲಿ ನಿಂದನೆ, ಅಪಮಾನ, ಕೊಲೆ ಬೆದರಿಕೆ ಕಂಡುಬಂದಿರುವುದರಿಂದ ಮುಚ್ಚಲಾಗಿದೆ, ನೊಂದವರು ಸಹಾಯ ಪಡೆಯಿರಿ ಎಂದು. ಬೈಗುಳ ಹುಡುಕಲು ಕಂಪನಿ ಇಟ್ಟ ಯಂತ್ರಕ್ಕೇನು ಗೊತ್ತು ತೌವು ಅಂದರೆ. ಎಷ್ಟೊಂದು ಪಾಠ, ಎಷ್ಟೊಂದು ಚಿತ್ರ, ಎಲ್ಲ ಹೋಗಿತ್ತು. ಪರೀಕ್ಷೆ ಹತ್ತಿರ ಬಂದಿತ್ತು. ನೊಂದವರು ಯಾರಾದರೂ ಇದ್ದರೆ ಅದು ಅತ್ತಿಗೆಯೇ. ನನ್ನ ಬಾಯೇ ನನ್ನ ಮಗಳ ಓದು ತಿಂದುಹಾಕಿತು ಎಂದು ಅವಳು ಆ ಸಂಜೆ ಒಲೆ ಹಚ್ಚಲಿಲ್ಲ. ಅಣ್ಣನೂ ನಾನೂ ಡಬ್ಬಿ ಮೀನು ತಿಂದು ಮಲಗಿದೆವು. ಅವಳ ಮೌನ ಕೇಳಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಅವಳು ಗಟ್ಟಿ ಮನಸ್ಸು ಮಾಡಿ ಹೊಸ ಗುಂಪು ತೆರೆದಳು. ಈ ಸಲ ಪಾದ್ರಿಯವರ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಂತ್ರದ ಕಣ್ಣಿಗೆ ಬೀಳುವಂಥ ಒಂದು ಮಾತೂ ಇರದಂತೆ ಬರೆದಳು. "ಮಾನ್ಯ ಉಲಾಯಾಸಿಯವರೇ, ತಾವು ಇದುವರೆಗೆ ಮಾಡಿದ ಉಪಕಾರಕ್ಕೆ ನಾವು ಋಣಿಗಳು. ಬಿಡುವಾದಾಗ ತಮ್ಮ ಅಮೂಲ್ಯ ಸಮಯ ಕೊಡಬೇಕಾಗಿ ವಿನಂತಿ. ಇಂತಿ ತಮ್ಮ ವಿಶ್ವಾಸಿ, ಸಲಾನಿಯೆತಾ." ಮಾತನಿವಾಯ್‌ನ ನರ್ಸಿಗೆ, ಸಿಪಾಯಿಗೆ, ಅಡುಗೆಯವನಿಗೂ ಇಂಥದೇ ಹೋಯಿತು. ಬರೆದು ಮುಗಿಸುವಷ್ಟರಲ್ಲಿ ಅತ್ತಿಗೆ ಬೆವರಿ ಒದ್ದೆಯಾಗಿದ್ದಳು. ಬಂಡೆ ಹೊತ್ತಿದ್ದರೂ ಅವಳು ಅಷ್ಟು ದಣಿಯುತ್ತಿರಲಿಲ್ಲ.

ಉತ್ತರ ಬರಲಿಲ್ಲ. ಎಲ್ಲರೂ ಓದಿದ ಗುರುತು ಕಾಣುತ್ತಿತ್ತು, ಒಬ್ಬನೂ ತುಟಿ ಬಿಚ್ಚಲಿಲ್ಲ. ಅತ್ತಿಗೆ ಇನ್ನೂ ಸ್ವಲ್ಪ ಮರ್ಯಾದೆ ಸೇರಿಸಿ ಬರೆದಳು. ಆ ಕಡೆ ಮೌನ ಇನ್ನೂ ಗಾಢವಾಯಿತು. ಮಕ್ಕಳು ಗುಡ್ಡ ಹತ್ತಿ ಬರಿಗೈಯಲ್ಲಿ ಇಳಿದು ಬಂದರು. ಅಕೋಸಿತಾ ಹಳೇ ಪಾಠಗಳನ್ನು ನೆನಪಿನಿಂದ ಮರಳಿ ಬರೆಯಲು ಕೂತಳು, ಅರ್ಧಕ್ಕೆ ಬಿಟ್ಟಳು. ಕಾರ್ಖಾನೆಯ ಚಿಕ್ಕಮ್ಮ ಕಾಲಿಗೆ ಹಾಕುವ ಬೂಟಿನ ಅಳತೆ ಕೇಳಿ ಕಳಿಸಿದಳು. ಇಷ್ಟಕ್ಕೆಲ್ಲ ಮಾತನಿವಾಯ್‌ನವರ ಸೊಕ್ಕೇ ಕಾರಣ ಎಂದು ನಾನು ಬೈದೆ. ಅತ್ತಿಗೆ ನನ್ನ ಜೊತೆ ಸೇರಿ ಬೈಯಲಿಲ್ಲ, ಅದೇ ನನಗೆ ಭಯವಾದದ್ದು.

ಶನಿವಾರ ಬೆಳಿಗ್ಗೆ ಮಾತನಿವಾಯ್ ಕಡೆಯಿಂದ ದೋಣಿಗಳು ಬಂದವು. ಸಾಮಾನ್ಯವಾಗಿ ಅವರು ಬರುವಾಗ ಅರ್ಧ ಸಮುದ್ರದಿಂದಲೇ ನಮ್ಮ ಅಜ್ಜಂದಿರನ್ನು ಬೈಯುತ್ತಾ ಬರುತ್ತಾರೆ. ಈ ಸಲ ಸದ್ದೇ ಇಲ್ಲ. ಒಗೆದ ಸುಲು ಪಂಚೆ ಉಟ್ಟು, ತಲೆ ತಗ್ಗಿಸಿ, ಚಾಪೆಗಳನ್ನೂ ನೀರಿನಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟುಗಳನ್ನೂ ಹೊತ್ತು ಒಬ್ಬೊಬ್ಬರಾಗಿ ನೀರಿಗಿಳಿದರು. ಇದು ಸಾವಿನ ಸುದ್ದಿಯೇ ಎಂದು ನಮ್ಮ ಹೆಂಗಸರು ಗೋಳೋ ಎಂದು ಅಳಲು ಶುರುಮಾಡಿದರು. ಇವರು ಅಳುವುದನ್ನು ಕಂಡು, ಓಹೋ ಇಲ್ಲೇ ಯಾರೋ ಸತ್ತಿದ್ದಾರೆ, ಅದಕ್ಕೇ ಹಾಗೆ ಬರೆದದ್ದು ಎಂದು ಅವರ ಹೆಂಗಸರೂ ಶುರುಮಾಡಿದರು. ಎರಡೂ ಊರು ಅಪ್ಪಿಕೊಂಡು ಮನಸಾರೆ ಅತ್ತ ಮೇಲೆ, ಸತ್ತವರು ಯಾರು ಎಂದು ನಮ್ಮ ಅಜ್ಜಿಯೊಬ್ಬಳು ಕೇಳಿದಳು. ಯಾರೂ ಸತ್ತಿರಲಿಲ್ಲ.

ಊರ ಹಿರಿಯ ಸೆರುಪೆಪೆಲಿ ಅವರ ಅಂಗಳದಲ್ಲಿ ಎಲ್ಲರೂ ಕೂತರು. ಮಾತನಿವಾಯ್‌ನ ಮುದುಕ ಓಸೇಯಾ ಮುಂದಕ್ಕೆ ಸರಿದು, ಹಗ್ಗ ಕಟ್ಟಿದ ದೊಡ್ಡ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಆ ಹಲ್ಲು ಹೊರಗೆ ಬರುವುದು ಹೆಣ್ಣು ಕೇಳುವಾಗ, ಹೆಣ ಎತ್ತುವಾಗ, ಇಲ್ಲವೇ ದೊಡ್ಡ ತಪ್ಪಿಗೆ ಕ್ಷಮೆ ಕೇಳುವಾಗ.

"ನಮ್ಮಿಂದ ತಪ್ಪಾಗಿದೆ," ಎಂದರು ಓಸೇಯಾ. "ಯಾವ ತಪ್ಪು ಅಂತ ಗೊತ್ತಿಲ್ಲ. ಗೊತ್ತಾಗ್ದೇ ಇರೋದೂ ನಮ್ದೇ ತಪ್ಪು. ನಿಮ್ಮ ಹೆಣ್ಣುಮಗಳು ನಮ್ಮ ಹುಡುಗನಿಗೆ ಮಾನ್ಯರೇ ಅಂತ ಬರ್ದಿದಾಳೆ."

ಅಂಗಳದಲ್ಲಿ ಗುಸುಗುಸು ಎದ್ದಿತು. ನಮ್ಮ ಮುದುಕರು ತಿರುಗಿ ಅತ್ತಿಗೆಯನ್ನು ನೋಡಿದರು, ಇವಳು ಕೊಡಲಿಯಲ್ಲಿ ಹೊಡೆದಿದ್ದರೂ ಅಷ್ಟು ನೋಡುತ್ತಿರಲಿಲ್ಲ.

"ಋಣಿಗಳು ಅಂತ ಬರ್ದಿದಾಳೆ," ಎಂದು ಓಸೇಯಾ ಹಲ್ಲನ್ನು ಇನ್ನೂ ಮೇಲಕ್ಕೆತ್ತಿದರು. "ನಮ್ಮಜ್ಜನ ಕಾಲ್ದಿಂದ ಇಂಥ ಮಾತು ನಿಮ್ಮೂರಿಂದ ನಮ್ಗೆ ಬಂದಿರ್ಲಿಲ್ಲ. ಸಂಬಂಧ ಕಡ್ಕೋತೀರಾ? ಕಾರಣ ಹೇಳಿ ಕಡ್ಕೊಳ್ಳಿ."

ಅವರ ಬೆನ್ನ ಹಿಂದೆ ಒಬ್ಬ ಕುಳ್ಳ ಮನುಷ್ಯ ನೆಲ ನೋಡುತ್ತಾ ಕೂತಿದ್ದ. ಕೆಲಸಕ್ಕೆ ರಜೆ ಹಾಕಿ, ವಿಮಾನ ಹತ್ತಿ, ಹಡಗು ಹತ್ತಿ, ಆಮೇಲೆ ದೋಣಿ ಹತ್ತಿ ಬಂದ ಉಲಾಯಾಸಿ. ಮುಖ ಇನ್ನೂ ಬಿಳಿಚಿಕೊಂಡಿತ್ತು. ದಾರಿಯುದ್ದಕ್ಕೂ ವಾಂತಿ ಮಾಡಿದ್ದನಂತೆ. ಅವನು ತಲೆ ಎತ್ತದೆ, ಮೆಲ್ಲಗೆ, ಬಾಬಾಕಾವಿನ ಬಗ್ಗೆ ನಾನು ಅಷ್ಟು ಅನ್ನಬಾರದಿತ್ತು ಎಂದ.

ಈಗ ಪೇಚಿಗೆ ಸಿಕ್ಕಿದವರು ನಮ್ಮ ಸೆರುಪೆಪೆಲಿ. ತಪ್ಪೇ ಗೊತ್ತಿಲ್ಲದೆ ಹಲ್ಲು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಳ್ಳದಿದ್ದರೆ ಎರಡೂರಿನ ನಂಟು ಅಲ್ಲಿಗೆ ಮುಗಿಯಿತು. ಅವರು ಅತ್ತಿಗೆಗೆ, ಏನು ನಡೆಯಿತೋ ನೀನೇ ಹೇಳಮ್ಮ ಎಂದರು.

ಅತ್ತಿಗೆ ಎದ್ದು ನಿಲ್ಲಲಿಲ್ಲ, ಹಿರಿಯರ ಮುಂದೆ ನಿಲ್ಲಬಾರದು. ಮೊಣಕಾಲಿನಲ್ಲೇ ಸರಿದು ಉಲಾಯಾಸಿಯ ಎದುರು ಹೋಗಿ ಕೂತಳು. ಅವನನ್ನು ಮೊದಲ ಸಲ ನೋಡುತ್ತಿದ್ದಳು. ತುಂಬ ಹೊತ್ತು ನೋಡಿದಳು.

"ತಲೆ ಎತ್ತೋ ಏಡಿ," ಎಂದಳು. "ನನ್ ಬಾಬಾಕಾವು ಲಂಗರಿಗಾದ್ರೂ ಆಗುತ್ತೆ. ನಿನ್ ತಲೆ ಯಾವ್ದಕ್ಕಾಗುತ್ತೋ? ಒಳಗೆಲ್ಲ ಬರೀ ಗಾಳಿ, ನೀರಿಗೆ ಬಿಟ್ರೆ ತೇಲ್ಕೊಂಡ್ ಹೋಗುತ್ತೆ."

ಉಲಾಯಾಸಿಯ ಭುಜ ಅಲುಗತೊಡಗಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ನನಗೆ ತಿಳಿಯಲಿಲ್ಲ; ಎರಡೂ ಇದ್ದೀತು. ಅತ್ತಿಗೆಯ ಧ್ವನಿಯೂ ಅಲ್ಲಿಗೆ ಒಡೆಯಿತು. ಕಂಪನಿಯ ಯಂತ್ರ ಬೈಗುಳ ಕಂಡು ಗುಂಪು ಮುಚ್ಚಿದ್ದು, ಮಗಳ ಪರೀಕ್ಷೆಗೆ ಹೆದರಿ ತಾನು ಮರ್ಯಾದೆಯ ಮಾತು ಬರೆದದ್ದು, ಎಲ್ಲ ಹೇಳಿದಳು. ಅದು ಮುಚ್ಚಿ ಹೋದದ್ದನ್ನು ಮಾತನಿವಾಯ್‌ನವರೂ ನೋಡಿದ್ದರಂತೆ. ಆದರೆ ಕಂಪನಿಯ ಒಕ್ಕಣೆ ಬಂದದ್ದು ಅತ್ತಿಗೆಯ ಫೋನಿಗೆ ಮಾತ್ರ; ಅತ್ತಿಗೆಯೇ ಸಿಟ್ಟಿನಿಂದ ಮುಚ್ಚಿದಳೆಂದು ಅವರು ತಿಳಿದಿದ್ದರು.

ಸೆರುಪೆಪೆಲಿ ಹಲ್ಲನ್ನು ತೆಗೆದುಕೊಂಡರು. ತೆಗೆದುಕೊಂಡು ಒಂದು ತೀರ್ಪು ಹೇಳಿದರು; ಅಂಥ ತೀರ್ಪನ್ನು ನಮ್ಮ ಅಂಗಳ ಹಿಂದೆಂದೂ ಕೇಳಿರಲಿಲ್ಲ. "ಮಕ್ಕಳ ಓದು ಮುಗಿಯೋವರ್ಗೆ ಫೋನ್‌ನಲ್ಲಿ ಎರಡೂರಿನೋರು ಮರ್ಯಾದೆಯಿಂದ ಮಾತಾಡ್ಬೇಕು. ಆ ಮರ್ಯಾದೆಗೆ ಯಾರೂ ನೊಂದ್ಕೋಬಾರ್ದು. ಅದಕ್ಕೆಲ್ಲ ಈ ಹಲ್ಲಿನಲ್ಲಿ ಮುಂಚಿತವಾಗೇ ಕ್ಷಮೆ ಆಯ್ತು. ಬಾಕಿ ಉಳಿದ ಬೈಗುಳ ಎಲ್ಲ ಹೊಸ ವರ್ಷದ ದಿನ ಎದುರುಬದುರಾಗಿ ತೀರಿಸ್ಕೊಳ್ಳಿ."

ಎಲ್ಲರೂ ಕೈ ಬೋಗುಣಿ ಮಾಡಿ ಗಂಭೀರವಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ಯಂಗೋನಾ ಕಲಸಿದರು. ಮೊದಲ ಚಿಪ್ಪು ಕುಡಿದ ಓಸೇಯಾ, ಇದು ಪಾತ್ರೆ ತೊಳೆದ ನೀರಿನ ಹಾಗಿದೆ, ವುನಿದಾವಾದವರಿಗೆ ಇಷ್ಟೂ ಬರುವುದಿಲ್ಲವೇ ಎಂದರು. ನಮ್ಮೆಲ್ಲರಿಗೆ ಹೋದ ಜೀವ ಬಂತು.

ಅಷ್ಟಕ್ಕೇ ಹೋಗಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಗಾಳಿ ಎದ್ದು ಸಮುದ್ರ ಕೆರಳಿತು, ಮಾತನಿವಾಯ್‌ನವರು ಒಂದು ವಾರ ನಮ್ಮಲ್ಲೇ ಉಳಿದರು. ನಮ್ಮ ಹಂದಿ ತಿಂದರು, ನಮ್ಮ ದಾಲೋ ಗಡ್ಡೆ ತಿಂದರು, ಭಾನುವಾರದ ನನ್ನ ಒಳ್ಳೆಯ ಸುಲು ಓಸೇಯಾರ ಸೊಂಟಕ್ಕೆ ಹೋಯಿತು. ಬಾಣಲೆಯೂ ವಾಪಸು ಹೋಯಿತು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ, ಬೇರೆ ಏನು ಮಾಡಲಿ.

ಆದರೆ ಆ ವಾರ ಉಲಾಯಾಸಿ ಮಕ್ಕಳನ್ನು ಬಿಡಲಿಲ್ಲ. ಕರಿಹಲಗೆ ಬೇಡವೆಂದು ಎಲ್ಲರನ್ನೂ ಕಡವಿಗೆ ಕರೆದೊಯ್ದ. ದೋಣಿಯಲ್ಲಿ ಕಲ್ಲು ತುಂಬಿಸಿ ಎಷ್ಟು ಮುಳುಗಿತು ಎಂದು ತೋರಿಸಿದ. ಹಗ್ಗ, ರಾಟೆ, ಮೀನಿನ ತಕ್ಕಡಿ, ನನ್ನ ಎಂಜಿನ್, ಎಲ್ಲ ಪಾಠವಾಯಿತು. ಎಂಜಿನ್ ಬಿಚ್ಚಿದ್ದು ಅಕೋಸಿತಾ, ಅವನು ನೋಡುತ್ತಾ ಕೂತ. ಪ್ರತಿ ಪಾಠದ ಕೊನೆಗೆ ಅವಳು "ಥ್ಯಾಂಕ್ಯೂ ಸರ್" ಎನ್ನುವಳು. ಪ್ರತಿ ಸಲವೂ ಅವನ ಮುಖ ಬಾಡುವುದು.

"ಸರ್ ಅನ್ಬೇಡ ಕಣಮ್ಮಾ, ಎದೆಗೆ ಚುಚ್ಚುತ್ತೆ," ಎಂದ ಒಮ್ಮೆ. "ನಿಮ್ಮಮ್ಮನ್ ಥರ ಒಂದೇ ಒಂದ್ ಮಾತು ಬೈದ್ಬಿಡು. ಕಲಿಸಿದ್ದಕ್ಕೆ ಅಷ್ಟು ಸಾಕು ನಂಗೆ."

ಹುಡುಗಿ ಬಾಯಿ ತೆರೆದಳು. ಕೆಂಪಾದಳು. "ಆಗಲ್ಲ ಸರ್," ಎಂದಳು. ಸ್ವಲ್ಪ ದೂರದಲ್ಲಿ ಚಾಪೆ ಹೆಣೆಯುತ್ತಿದ್ದ ಅತ್ತಿಗೆ ಆಕಾಶದ ಕಡೆ ನೋಡಿದಳು.

ಗಾಳಿ ಇಳಿದು ಅವರು ಹೋದ ಮೇಲೆ ಗುಂಪು ಮತ್ತೆ ಜೀವ ಹಿಡಿಯಿತು. ತೀರ್ಪಿನ ಪ್ರಕಾರ ಎಲ್ಲ ಮರ್ಯಾದೆಯಿಂದಲೇ. ಪರಮಪೂಜ್ಯರೇ, ಮಹಾಜನರೇ ಎಂದು ಅವರು ಬರೆಯುವುದು, ತಮ್ಮ ಪಾದಧೂಳಿಯಿಂದ ಪುನೀತರಾದೆವು ಎಂದು ನಾವು ಬರೆಯುವುದು. ಟ್ಯಾಂಕಿನ ಹತ್ತಿರ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾ ಪಾಠ ಕಲಿತರು. ಕಂಪನಿಯ ಯಂತ್ರ ಮೆಚ್ಚಿ ನಮಗೊಂದು ಪದಕದ ಚಿತ್ರ ಕಳಿಸಿತು, ಒಬ್ಬರನ್ನೊಬ್ಬರು ಗೌರವಿಸುವ ಮಾದರಿ ಗುಂಪು ಎಂದು. ಅತ್ತಿಗೆ ಅದನ್ನು ಯಾರಿಗೂ ತೋರಿಸಬೇಡಿ, ಮಾನ ಹೋಗುತ್ತದೆ ಎಂದಳು.

ಪರೀಕ್ಷೆ ಬಂತು, ಹೋಯಿತು. ಫಲಿತಾಂಶ ಬರುವ ದಿನ ಅತ್ತಿಗೆ ಗುಡ್ಡ ಹತ್ತಲು ಒಪ್ಪಲಿಲ್ಲ, ಒಲೆಯ ಮೇಲೆ ಎಣ್ಣೆ ಇದೆ ಎಂದು ಅಡುಗೆಮನೆಯಲ್ಲೇ ಕೂತಳು. ಅಕೋಸಿತಾ ಒಬ್ಬಳೇ ಹೋದಳು, ಒಬ್ಬಳೇ ಇಳಿದು ಬಂದಳು. ಮುಖದಲ್ಲಿ ಏನೂ ಗೊತ್ತಾಗದು, ಮೊದಲಿನಿಂದಲೂ ಹಾಗೆಯೇ. ಅಮ್ಮನ ಕೈಗೆ ಫೋನು ಕೊಟ್ಟಳು. ಎಲ್ಲದರಲ್ಲೂ ಪಾಸು. ಭೌತಶಾಸ್ತ್ರದಲ್ಲಿ ಎಲ್ಲದಕ್ಕಿಂತ ಹೆಚ್ಚು. ಅತ್ತಿಗೆ ಅವತ್ತು ಮಾಡಿದ ಬಾಬಾಕಾವು ಮೆತ್ತಗಿತ್ತು, ನಾನೇ ಸಾಕ್ಷಿ. ಉಲಾಯಾಸಿಗೆ ತಿಳಿಸು ಎಂದರೆ ಹುಡುಗಿ, ಫೋನಿನಲ್ಲಿ ಬೇಡ, ಬಂದಾಗ ನಾನೇ ಹೇಳುತ್ತೇನೆ ಎಂದಳು. ಪಾಪ, ಆ ಕಡೆ ಅವನು ನಿದ್ದೆಗೆಟ್ಟು ಕಾಯುತ್ತಿದ್ದನಂತೆ. ಕಾಯಲಿ, ಮಾತನಿವಾಯ್‌ನವನೇ ತಾನೇ.

ಹೊಸ ವರ್ಷದ ದಿನ ಮಾತನಿವಾಯ್‌ನವರನ್ನು ನಾನೇ ನನ್ನ ದೋಣಿಯಲ್ಲಿ ಕರೆತಂದೆ. ಅಕೋಸಿತಾ ಸರಿಮಾಡಿದ ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಉಲಾಯಾಸಿ ಮಾತ್ರ ದೋಣಿಯ ಅಂಚು ಹಿಡಿದು, ತಿಂದದ್ದೆಲ್ಲ ಮೀನಿಗೆ ಹಂಚುತ್ತಾ ಬಂದ. ದಡದಲ್ಲಿ ಊರಿಗೆ ಊರೇ ಬಕೆಟ್ಟಿನಲ್ಲಿ ನೀರು ಹಿಡಿದು ನಿಂತಿತ್ತು; ಹೊಸ ವರ್ಷಕ್ಕೆ ಬಂದವರ ಮೇಲೆ ನೀರೆರಚದಿದ್ದರೆ ಅದೆಂಥ ಹೊಸ ವರ್ಷ. ಬಾಕಿ ಬೈಗುಳ ತೀರಿಸಲು ಅತ್ತಿಗೆ ಎಲ್ಲರಿಗಿಂತ ಮುಂದೆ, ಗಂಟಲು ಸರಿಮಾಡಿಕೊಂಡು ನಿಂತಿದ್ದಳು.

ಉಲಾಯಾಸಿ ಬಿಳಿಚಿದ ಮುಖ ಹೊತ್ತು ಮೊಣಕಾಲುದ್ದದ ನೀರಿಗೆ ಇಳಿದ. ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಅಕೋಸಿತಾ ಅವಳನ್ನು ದಾಟಿ ನೀರಿಗೆ ನಡೆದಳು. ಬಕೆಟ್ಟು ಎತ್ತಿದಳು. ಇಡೀ ಬಕೆಟ್ಟನ್ನು ಅವನ ತಲೆಯ ಮೇಲೆ ಸುರಿದಳು.

"ತೇಲೋದು ಹೆಂಗೆ ಅಂತ ನಂಗೆ ಕಲಿಸ್ದೋನು ನೀನು," ಎಂದಳು. ಅವಳ ಧ್ವನಿ ಅಷ್ಟು ದೊಡ್ಡದಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. "ದೋಣಿಲಿ ಕೂತು ವಾಂತಿ ಮಾಡೋನೂ ನೀನೇ. ನಿಮ್ಮಜ್ಜನ ಹೆಸ್ರು ಉಳಿಸ್ದೆ ಬಿಡೋ ಏಡಿ. ನಿನ್ನಂಥ ಪೆದ್ದ ಕಲಿಸಿದ್ರೂ ನಾನು ಪಾಸಾದೆ."

ಆಚೆ ತುದಿಯ ಕೋಳಿಗಳು ಗೂಡು ಸೇರಿದ ಸದ್ದು ಕೇಳಿಸಿತು. ಉಲಾಯಾಸಿ ನೀರು ಸುರಿಯುವ ತಲೆ ಹಿಡಿದುಕೊಂಡು ಅಲ್ಲೇ ಸಮುದ್ರದಲ್ಲಿ ಕುಕ್ಕರಿಸಿದ, ಮಗುವಿನ ಹಾಗೆ ನಕ್ಕ. ನಾನು ಅತ್ತಿಗೆಯ ಕಡೆ ತಿರುಗಿದೆ. ಅವಳ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಕಟ್ಟಿಕೊಂಡು ಬಂದ ಬೈಗುಳವೆಲ್ಲ ಅವಳಿಗೆ ಮರೆತುಹೋಗಿತ್ತು.

"ಇವನ್ನ ಏಡಿ ಅಂತ ಅನ್ಬಾರ್ದಿತ್ತು ಕಣೇ," ಎಂದಳು ಕೊನೆಗೆ, ಮೂಗು ಸೀಟಿಕೊಳ್ಳುತ್ತಾ. "ಸಮುದ್ರದ ಏಡಿಗಳಿಗೆ ಬೇಜಾರಾಗುತ್ತೆ."